ಏಳು ದಬ್ಬೆಯ ಕಟ್ಟು

ಆಗಿನ್ನೂ ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕನ್ನಡದ ಹಳ್ಳಿ ಉಟಗಿಗೆ ದಿನಕ್ಕೆ ಎರಡೇ ಎಸ್‌ಟಿ ಬಸ್ಸು. ಬೆಳಿಗ್ಗೆ ಹೋಗುವುದೊಂದು, ಇಳಿಹೊತ್ತಿಗೆ ಜತ್ತದಿಂದ ಬರುವುದೊಂದು. ಬಸ್ಸು ಕಾಣುವುದಕ್ಕೆ ಮೊದಲು ಅದರ ಧೂಳು ಕಾಣುತ್ತಿತ್ತು. ಶಾಲೆ ಬಿಟ್ಟ ಮಕ್ಕಳೆಲ್ಲ ಬೇವಿನ ಮರದ ಕೆಳಗೆ ನಿಂತು ಯಾರು ಇಳಿಯುತ್ತಾರೆ ಎಂದು ನೋಡುವುದು ನಮ್ಮ ದಿನದ ಕೆಲಸ. ಎಪ್ಪತ್ತರ ದಶಕದ ಆಚೀಚೆ ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿದವರ ಕೈಚೀಲದ ಉಬ್ಬು ನೋಡಿಯೇ ಒಳಗೆ ಚುರುಮುರಿ ಇದೆಯೋ ಬಾಳೆಹಣ್ಣು ಇದೆಯೋ ಎಂದು ಹೇಳುವಷ್ಟು ನಾವು ಪಳಗಿದ್ದೆವು.

ನನ್ನ ಬೀರು ಕಾಕಾ ಬರುವ ದಿನ ಮಾತ್ರ ನಾನು ಚೀಲ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. ಬಸ್ಸು ಇನ್ನೂ ಓಡುತ್ತಿರುವಾಗಲೇ ಅವನು ಬಾಗಿಲಿನಿಂದ ಜಿಗಿದು, ಅದರ ಪಕ್ಕಕ್ಕೇ ನಾಲ್ಕು ಹೆಜ್ಜೆ ಓಡಿ, ಬಸ್ಸಿಗಿಂತ ಮೊದಲು ಬಂದು ಬೇವಿನ ಮರ ಮುಟ್ಟುತ್ತಿದ್ದ. ಕಂಡಕ್ಟರು ಮರಾಠಿಯಲ್ಲಿ ಬೈಯುತ್ತಿದ್ದ. ಆ ಬೈಗುಳದಲ್ಲೂ ಒಂದು ಅಭಿಮಾನವಿತ್ತು. ಯಾಕೆಂದರೆ ಕಾಕಾನ ಫೋಟೋ ಮರಾಠಿ ಪೇಪರಿನಲ್ಲಿ ಬಂದಾಗ ಅದನ್ನು ಮಡಚಿ ಟಿಕೀಟು ಪೆಟ್ಟಿಗೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ತಲುಪಿಸಿದವನು ಅವನೇ.

ಬೀರು ಕಾಕಾ ಎಂದರೆ ಅಪ್ಪನ ತಮ್ಮ. ಕುರಿ ಕಾಯುವ ಮನೆ ನಮ್ಮದು. ದೀಪಾವಳಿ ಮುಗಿದ ಕೂಡಲೇ ಅಪ್ಪ ಕುರಿ ಹೊಡೆದುಕೊಂಡು ದೂರದ ಊರುಗಳ ಹೊಲಗಳಿಗೆ ಹೋದರೆ ಮತ್ತೆ ಮನೆ ಕಾಣುವುದು ಮಳೆಗಾಲದ ಬಾಯಿಗೆ. ಕಾಕಾನೂ ಹಾಗೇ ಹೋಗಬೇಕಾದವನು. ಆದರೆ ಚಿಕ್ಕವನಿದ್ದಾಗ ಆಯಿ, ಅಂದರೆ ನನ್ನ ಅಜ್ಜಿ, ಉಳಿದ ಉಣ್ಣೆಯನ್ನು ನೀರು ಹಾಕಿ ತಿಕ್ಕಿ ತಿಕ್ಕಿ ಒಂದು ಚೆಂಡು ಮಾಡಿಕೊಟ್ಟಳಂತೆ. ಅವನು ಕುರಿಯ ಹಿಂದೆ ಅದನ್ನು ಒದೆಯುತ್ತ ಹೋದ. ಒದೆಯುತ್ತ ಒದೆಯುತ್ತ ಜತ್ತದ ಹೈಸ್ಕೂಲಿಗೆ ಹೋದ. ಅಲ್ಲಿ ಮೊದಲ ಸಲ ಚರ್ಮದ ಚೆಂಡು ಕಂಡ. ಅಲ್ಲಿಂದ ಕೊಲ್ಹಾಪುರದ ಕಾಲೇಜು. ಆ ಊರಿನಲ್ಲಿ ಗಲ್ಲಿಗೊಂದು ಫುಟ್‌ಬಾಲ್ ತಂಡ, ಬರಿಗಾಲಿನಲ್ಲಿ ಓಡುವ ಈ ಕನ್ನಡದ ಹುಡುಗನನ್ನು ನೋಡಲು ಜನ ಗೋಡೆ ಏರಿ ಕೂಡುತ್ತಿದ್ದರಂತೆ. ಮೈದಾನದ ಎಡಗಡೆಯ ಗೆರೆಗುಂಟ ಓಡುವವನು ಅವನು. ಲೆಫ್ಟ್ ಔಟ್ ಎನ್ನುತ್ತಿದ್ದರು. ಕಾಲೇಜು ಮುಗಿಯುವುದರೊಳಗೆ ಮುಂಬೈಯ ಒಂದು ಮಿಲ್ಲಿನವರು ಬಂದು ಅವನನ್ನು ಕರೆದೊಯ್ದರು. ಕೆಲಸ ಅಂತ ಹೆಸರಿಗೆ, ಮಾಡಬೇಕಾದದ್ದು ಆಟ.

ಇದನ್ನು ಊರಿಗೆ ತಿಳಿಸಿ ಹೇಳುವುದರಲ್ಲಿ ನಮ್ಮ ಮನೆಯವರಿಗೆ ಸಾಕುಸಾಕಾಗಿತ್ತು. ಕುಸ್ತಿ ಗೊತ್ತಿದ್ದ ಊರು ಅದು. "ಎದುರಿನವನ್ನ ಚಿತ್ ಮಾಡೂದಿಲ್ಲ, ಮತ್ತ ಗೆದ್ದದ್ದು ಹ್ಯಾಂಗ ಗೊತ್ತಾಕ್ಕೈತಿ?" ಎಂದು ಕೇಳುತ್ತಿದ್ದರು. ಪಕ್ಕದ ಮನೆಯ ಮುದುಕಿ ನೀಲವ್ವ ಮುತ್ತಿ ಅಂತೂ, "ಚಂಡು ಒದ್ದರ ಪಗಾರ ಕೊಡ್ತಾರಂದ್ರ ಆ ಮುಂಬೈ ಮಂದಿಗೆ ಮಾಡಾಕ ಬ್ಯಾರೆ ಕೆಲಸ ಇಲ್ಲೇನs ಯವ್ವಾ?" ಎಂದು ನಕ್ಕಿದ್ದಳು. ಪೇಪರಿನ ಫೋಟೋದಲ್ಲಿ ಕಾಕಾನ ಮುಖ ಕಾಣುತ್ತಿರಲಿಲ್ಲ. ಬೆನ್ನು, ಒಂದು ಕೈ, ಮೇಲೆತ್ತಿದ ಎಡಗಾಲು, ಅಷ್ಟೇ. ಇವ ನಿಮ್ಮ ಹುಡುಗ ಹೌದೋ ಅಲ್ಲೋ ಎಂದು ಯಾರೋ ಅನುಮಾನ ತೆಗೆದರೆ ಆಯಿ ಸಿಟ್ಟಾದಳು. "ಮಾರಿ ಯಾಕ ಬೇಕು? ಆ ಮೀನಖಂಡ ನೋಡು. ನಾ ಎಣ್ಣಿ ತಿಕ್ಕಿದ ಕಾಲು ನನಗ ಗೊತ್ತಾಗೂದಿಲ್ಲೇನು?" ಆ ಪೇಪರನ್ನು ಗಂಜಿಯಲ್ಲಿ ಅದ್ದಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು. ರೊಟ್ಟಿ ಬಡಿಯುವಾಗ ಅವಳ ಕಣ್ಣಿನ ಎದುರಿಗೇ ಬರುತ್ತಿತ್ತು ಆ ಕಾಲು.

ಕಾಲಿನ ವಿಷಯ ನಮ್ಮ ಮನೆಯಲ್ಲಿ ಅಷ್ಟು ದೊಡ್ಡದಾಗಲು ಇನ್ನೊಂದು ಕಾರಣವಿತ್ತು. ಮುತ್ಯಾ, ನನ್ನ ಅಜ್ಜ ಸಿದ್ದಪ್ಪ, ಮುರಿದ ಕಾಲು ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಕುರಿ, ಮೇಕೆ, ಕರು, ಒಮ್ಮೊಮ್ಮೆ ಮನುಷ್ಯರದೂ. ಸೊರಡಿಯಿಂದ, ವಳಸಂಗದಿಂದ ಜನ ಕುರಿಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರು. ಮುತ್ಯಾ ಕಣ್ಣು ಮುಚ್ಚಿ ಕಾಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುವನು. ಉದ್ದಿನ ಹಿಟ್ಟನ್ನು ತತ್ತಿಯ ಬಿಳಿಯಲ್ಲಿ ಕಲಸಿ ಬಳಿಯುವನು. ಮೇಲೆ ಉಣ್ಣೆ ಸುತ್ತಿ, ಅದರ ಮೇಲೆ ಬಿದಿರಿನ ಏಳು ದಬ್ಬೆ ಇಟ್ಟು, ತಾನೇ ಹೊಸೆದ ದಾರದಿಂದ ಬಿಗಿಯುವನು. ಹಸಿ ಉಣ್ಣೆ, ತತ್ತಿ, ಔಡಲೆಣ್ಣೆ ಮೂರೂ ಕೂಡಿದ ಆ ವಾಸನೆ ನಮ್ಮ ಪಡಸಾಲೆಯದೇ ವಾಸನೆ ಆಗಿತ್ತು. ಕಟ್ಟಿದ್ದಕ್ಕೆ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹೊಗಳಿಕೆ ಮಾತ್ರ ಬೇಕಾಗುತ್ತಿತ್ತು.

ದಾರ ಹಿಡಿಯುವುದು ನನ್ನ ಕೆಲಸ. "ಭಾಳ ಬಿಗಿ ಆತಲ್ಲೋ ಮುತ್ಯಾ, ಅದಕ್ಕ ನೋವಾಗೂದಿಲ್ಲೇನು?" ಎಂದು ನಾನು ಕೇಳಿದರೆ ಅವನದು ಒಂದೇ ಉತ್ತರ. "ಕುರಿ ಬಾಯಿ ಬಿಟ್ಟು ನೋವು ಹೇಳೂದಿಲ್ಲ ಕಸ್ತೂರಿ. ಸುಮ್ಮನೂ ಕುಂಡ್ರೂದಿಲ್ಲ. ಸಡಲ ಬಿಟ್ಟರ ಕೂಡಿದ್ದ ಎಲುವು ಮತ್ತ ಬಿಚ್ಚತೈತಿ. ಬಿಗಿ ಇದ್ದರನ ಚಲೋ."

ನಾನು ಹೇಳಲು ಹೊರಟದ್ದು ನನಗೆ ಒಂಬತ್ತು ವರ್ಷವಿದ್ದಾಗಿನ ಚಳಿಗಾಲದ ಕತೆ. ದೀಪಾವಳಿ ಮುಗಿದು ಅಪ್ಪ ಕುರಿಗಳೊಂದಿಗೆ ಹೋಗಿಯಾಗಿತ್ತು. ಗೌರಿ ಹುಣ್ಣಿಮೆಗೆ ಎರಡು ದಿನವಿತ್ತು. ಸಕ್ಕರೆ ಆರತಿಯ ಗೊಂಬೆಗಳಲ್ಲಿ ಆನೆ ಯಾರಿಗೆ, ಗಿಳಿ ಯಾರಿಗೆ ಎಂದು ನಾವು ಹುಡುಗಿಯರು ಬೇವಿನ ಮರದ ಕೆಳಗೆ ಜಗಳವಾಡುತ್ತಿದ್ದೆವು. ಬಸ್ಸು ಬಂತು. ಪೂರ್ತಿ ನಿಂತಿತು. ಕಂಡಕ್ಟರು ಮೊದಲು ಇಳಿದು ಬಾಗಿಲು ಹಿಡಿದ. ಆಮೇಲೆ ಒಂದು ಕೋಲು ಕೆಳಗಿಳಿಯಿತು, ಅದರ ಹಿಂದೆ ಬೀರು ಕಾಕಾ. ಕಂಡಕ್ಟರು ಅವನನ್ನು ಬೈಯಲಿಲ್ಲ. ಅದನ್ನು ಕಂಡು ನನಗೆ ಅಳು ಬಂತು.

ಮುಂಬೈಯಲ್ಲಿ ಫುಟ್‌ಬಾಲ್ ಆಡುವುದು ಮಳೆಗಾಲದಲ್ಲಿ. ಕೆಸರಾದ ಮೈದಾನದಲ್ಲಿ ಅವನು ಗೆರೆಗುಂಟ ಓಡುವಾಗ ಎದುರು ತಂಡದವನೊಬ್ಬ ಪಕ್ಕದಿಂದ ಜಾರಿ ಬಂದು ಅವನ ಎಡಮೊಳಕಾಲಿಗೆ ಬಡಿದಿದ್ದ. ಎರಡು ತಿಂಗಳು ಅಲ್ಲೇ ಬಿಸಿನೀರು, ಪಟ್ಟಿ, ಮುಲಾಮು ಎಲ್ಲ ಆಗಿತ್ತು. ಅದೇನೂ ಅವನು ಕಾಗದದಲ್ಲಿ ಬರೆದಿರಲಿಲ್ಲ.

ಮುತ್ಯಾ ಪಡಸಾಲೆಯ ಕಂಬಳಿಯ ಮೇಲೆ ಅವನನ್ನು ಕೂಡಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಮೊಳಕಾಲು ಮುಟ್ಟಿ ನೋಡಿದ. "ಎಲುವು ಮುರದಿಲ್ಲ. ಒಳಗ ಏನೋ ಸರದೈತಿ," ಎಂದ. ಆಮೇಲೆ, "ಡಾಕ್ಟರ ಏನಂದ?"

"ಕೊಯ್ದು ನೋಡಬೇಕಂದ. ಮಿಲ್ಲಿನವರs ಮಾಡಸ್ತೀವಿ ಅಂದ್ರು. ನಾ ಒಲ್ಲೆ ಅಂದೆ, ಯಪ್ಪಾ. ನೀ ಕಟ್ಟು."

ಮುತ್ಯಾನ ಮುಖದಲ್ಲಿ ಆಗ ಕಂಡ ಹಿಗ್ಗನ್ನು ನಾನು ಮರೆತಿಲ್ಲ. ಹತ್ತು ಹಳ್ಳಿಯ ಕಾಲು ಕಟ್ಟಿದವನಿಗೆ, ಪೇಪರಿನಲ್ಲಿ ಬಂದ ಮಗ ಮುಂಬೈ ಡಾಕ್ಟರನ್ನು ಬಿಟ್ಟು ತನ್ನ ಮುಂದೆ ಕಾಲು ಚಾಚಿದ್ದ. "ಸರದದ್ದು ಕೂಡಬೇಕಂದ್ರ ಅಳಗಾಡಬಾರದು. ಹುಣ್ಣಿವಿಗೆ ಕಟ್ತೀನಿ, ಎಳ್ಳಮಾಸಿಗೆ ಬಿಚ್ಚೂಣು," ಎಂದ. ಆಯಿ ಅಷ್ಟರಲ್ಲಿ ಉದ್ದು ಬೀಸಲು ಕೂತಾಗಿತ್ತು.

ಆ ಸಂಜೆ ಬೆಳಕಿರುವಾಗಲೇ ಕಾಕಾನನ್ನು ಹಿತ್ತಲಿಗೆ ಹಿಡಿದುಕೊಂಡು ಹೋದವಳು ನಾನು. ಕೋಲು ಒಂದು ಕೈಗೆ, ನನ್ನ ಹೆಗಲು ಇನ್ನೊಂದು ಕೈಗೆ. ನಾನು ಮೂಗು ಸೊರಗುಟ್ಟುತ್ತಿದ್ದುದನ್ನು ಕೇಳಿ ಅವನು ನಿಂತ.

"ಯಾಕs? ಸತ್ತೀನೇನು ನಾ?"

"ನೀ ಮತ್ತ ಆಡ್ತೀಯೋ ಇಲ್ಲೋ?"

"ಯಾಕ ಆಡೂದಿಲ್ಲ? ಕೊಯ್ಸಿದ್ರ ಮೂರು ತಿಂಗಳಿಗೆ ಓಡ್ತೀ ಅಂತ ಡಾಕ್ಟರ ಹೇಳ್ಯಾನ. ನಿನ್ನ ಮುತ್ಯಾ ಕಟ್ಟಿದ್ರ ಎರಡs ತಿಂಗಳು. ಅದಕ್ಕ ಇಲ್ಲಿಗೆ ಬಂದೀನಿ." ನನ್ನ ಜಡೆ ಎಳೆದು, "ಬರೂ ಮಳಿಗಾಲದಾಗ ನಿನ್ನ ಮುಂಬೈಗೆ ಕರಕೊಂಡು ಹೋಗಿ ಆಟ ತೋರಸ್ತೀನಿ. ಗೆರಿ ಪಕ್ಕದಾಗನ ಕುಂಡ್ರಸ್ತೀನಿ. ಆತಿಲ್ಲೋ?" ಎಂದ.

ಆತು ಎಂದೆ. ನನ್ನ ಅಳು ಅಲ್ಲಿಗೇ ನಿಂತಿತು. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿಯೂ ಬಿಟ್ಟೆ, ಬರುವ ಮಳೆಗಾಲಕ್ಕೆ ನಾನು ಮುಂಬೈಗೆ ಹೋಗುವವಳೆಂದು. ಸಕ್ಕರೆ ಆನೆಯನ್ನು ಜಗಳವಿಲ್ಲದೆ ಬೇರೆಯವಳಿಗೆ ಬಿಟ್ಟುಕೊಟ್ಟೆ.

ಹುಣ್ಣಿಮೆಯ ಬೆಳಿಗ್ಗೆ ಮುತ್ಯಾ ಕಟ್ಟು ಕಟ್ಟಿದ. ಮನುಷ್ಯನ ಕಾಲೆಂದು ದಬ್ಬೆ ಉದ್ದ, ಉಣ್ಣೆ ದಪ್ಪ. ತೊಡೆಯ ನಡುವಿನಿಂದ ಮೀನಖಂಡದ ಕೆಳಗಿನವರೆಗೆ ಕಾಲು ಒನಕೆಯ ಹಾಗೆ ನೆಟ್ಟಗಾಯಿತು. ದಾರ ಹಿಡಿದಿದ್ದವಳು ನಾನೇ. "ಎಳೀ," ಎಂದ ಮುತ್ಯಾ. ನಾನು ಎಳೆದೆ. "ಇನ್ನೂ ಎಳೀ." ಇನ್ನೂ ಎಳೆದೆ. ಕಾಕಾ ತುಟಿ ಕಚ್ಚಿಕೊಂಡು ಮಾಳಿಗೆಯ ತೊಲೆ ನೋಡುತ್ತಿದ್ದ.

ನಾನು ಈಗ ಹೇಳುವುದನ್ನು ಕೇಳಿ ನಿಮಗೆ ವಿಚಿತ್ರ ಅನ್ನಿಸಬಹುದು. ಆ ನಲವತ್ತೈದು ದಿನಗಳು ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು. ಕಾಕಾ ಮೊದಲ ಸಲ ಇಷ್ಟು ದಿನ ಮನೆಯಲ್ಲಿದ್ದ. ಅವನ ಹೊರಸನ್ನು ಅಂಗಳದ ಬಿಸಿಲಿಗೆ ಹಾಕುತ್ತಿದ್ದೆವು. ಟ್ರಂಕಿನಿಂದ ಅವನು ತನ್ನ ಚರ್ಮದ ಚೆಂಡು ತೆಗೆದ. ಅವನು ಕೂತಲ್ಲಿಂದ ಎಸೆಯುವುದು, ನಾನು ಒದೆಯುವುದು. ಮೊದಲು ಬಲಗಾಲು, ಆಮೇಲೆ ಎಡಗಾಲು. "ಬೆರಳಲೆ ಒದಿಬ್ಯಾಡ, ಪಾದದ ಒಳಮೈಲೆ ತಗೀ," ಎನ್ನುತ್ತಿದ್ದ. ನಾನು ಲಂಗ ಎತ್ತಿ ಕಟ್ಟಿಕೊಂಡು ಒದ್ದ ಚೆಂಡು ಒಮ್ಮೆ ಆಯಿಯ ಹಪ್ಪಳದ ಮೇಲೆ, ಒಮ್ಮೆ ನೀಲವ್ವ ಮುತ್ತಿಯ ಕೋಳಿಯ ಮೇಲೆ.

"ಹೆಣ್ಹುಡುಗಿ ಹಂಗ ಕಾಲೆತ್ತಿ ಒದಿಯೂದು ನಾ ಎಲ್ಲಿ ನೋಡಿಲ್ಲವಾ! ನಾಳಿ ಗಂಡನ್ನ ಒದ್ದಾಳು," ಎನ್ನುವಳು ಆಯಿ.

"ಒದೀಲಿ ಬಿಡಬೇ. ಒದೆಯೂವಂಗ ಇದ್ದರ ಒದೀಬೇಕು," ಎಂದು ಕಾಕಾ ನಗುವನು.

ಮಧ್ಯಾಹ್ನ ಅವ್ವ ಬಿಸಿ ಸಜ್ಜೆ ರೊಟ್ಟಿಗೆ ಶೇಂಗಾ ಹಿಂಡಿ, ಮೇಲೊಂದಿಷ್ಟು ಕುರಿಹಾಲಿನ ತುಪ್ಪ ಹಾಕಿ ಕೊಡುತ್ತಿದ್ದಳು. ಕಾಕಾ ತಿನ್ನುತ್ತ ತನ್ನ ಆಟಗಳನ್ನು ಹೇಳುತ್ತಿದ್ದ. ಬೂಟು ಹಾಕಿಕೊಂಡ ಮೊದಲ ದಿನ ಅವನು ಹತ್ತು ಹೆಜ್ಜೆಗೊಮ್ಮೆ ಬಿದ್ದದ್ದು. ಎಡಗಡೆಯಿಂದ ಅವನು ಹೊಡೆದ ಚೆಂಡು ಕಂಬಕ್ಕೆ ಬಡಿದು ಒಳಗೆ ಹೋದಾಗ ಮಿಲ್ಲಿನ ಕೆಲಸಗಾರರು ಅವನನ್ನು ಹೊತ್ತುಕೊಂಡು ಕುಣಿದದ್ದು. ಮುಂಬೈ ಮಂದಿ ಅವನನ್ನು ಧನಗರ್, ಅಂದರೆ ಕುರಿ ಕಾಯುವವ, ಎಂದೇ ಕೂಗುತ್ತಿದ್ದುದು, ಮೊದಮೊದಲು ಹೀಯಾಳಿಸಿ, ಆಮೇಲೆ ಮೈದಾನ ತುಂಬ ಚಪ್ಪಾಳೆಯೊಂದಿಗೆ. ಮುತ್ಯಾ ಒಂದು ಮೂಲೆಯಲ್ಲಿ ದಾರ ಹೊಸೆಯುತ್ತ ಕೇಳದವನಂತೆ ಕೇಳುತ್ತಿದ್ದ. ಕತೆ ಮುಗಿದ ಮೇಲೆ ಬಂದು ಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ, "ನೋವು ಐತೇನೋ?" ಎನ್ನುವನು.

"ಇಲ್ಲ ಯಪ್ಪಾ."

ಪ್ರತಿ ದಿನ ಅದೇ ಪ್ರಶ್ನೆ, ಅದೇ ಉತ್ತರ. ಆದರೆ ಕಾಕಾನ ಹಾಸಿಗೆ ಮಡಚುತ್ತಿದ್ದವಳು ನಾನು. ಪಾದ ಬಾತುಕೊಂಡು ಚರ್ಮ ಮಿಂಚುತ್ತಿದ್ದುದನ್ನು ನೋಡಿದ್ದೆ. ಕಂಬಳಿಯ ಅಂಚನ್ನು ಅವನು ಹಲ್ಲಿನಿಂದ ಕಚ್ಚಿ ಕಚ್ಚಿ ಎಳೆ ಬಿಚ್ಚಿಸಿದ್ದನ್ನೂ ನೋಡಿದ್ದೆ. ಹೇಳಲೇ ಎಂದರೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಮುತ್ಯಾನಿಗೆ ಬಾಯಿಲ್ಲದ ಕುರಿಗಳ ಕಾಲು ಕಟ್ಟಿ ರೂಢಿ. ಬಾಯಿದ್ದ ಮಗನೂ ಹಾಗೇ ಸುಮ್ಮನಿದ್ದಾನೆಂದು ಅವನಿಗೆ ಹೇಗೆ ತಿಳಿಯಬೇಕು?

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಬೆಳೆಗೆ ಎಡೆಯಾಗಿ ಚರಗ ಚೆಲ್ಲುವ ದಿನ. ನಸುಕಿನಿಂದಲೇ ಮನೆಯಲ್ಲಿ ಭಜ್ಜಿ ಪಲ್ಯ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆಯ ಗಮಗಮ. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಮುತ್ಯಾ ಸ್ನಾನ ಮಾಡಿ ಬಂದು ಕುಡುಗೋಲಿನಿಂದ ದಾರ ಕೊಯ್ದ. ಒಂದೊಂದೇ ದಬ್ಬೆ ತೆಗೆದ. ಉಣ್ಣೆ ಕಾಲಿಗೆ ಅಂಟಿಕೊಂಡಿತ್ತು, ಬಿಸಿನೀರು ಹಾಕಿ ಬಿಡಿಸಿದ. ಒಳಗಿನಿಂದ ಹೊರಬಂದದ್ದು ಕಾಕಾನ ಕಾಲೇ ಅಲ್ಲವೆನ್ನಿಸಿತು ನನಗೆ. ಬಾಗಿಲಿಗೆ ಅಂಟಿಸಿದ ಪೇಪರಿನ ಆ ಮೀನಖಂಡ ಎಲ್ಲೂ ಇರಲಿಲ್ಲ. ತೆಳ್ಳಗೆ, ಬೆಳ್ಳಗೆ, ಯಾರೋ ಮುದುಕನ ಕಾಲು.

"ಮಡಚು," ಎಂದ ಮುತ್ಯಾ.

ಕಾಕಾ ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಬಂತು. ಕಾಲು ಮಡಚಲಿಲ್ಲ. ಮುತ್ಯಾ ಎಣ್ಣೆ ಹಚ್ಚಿ ತಿಕ್ಕಿದ. "ಮಡಚೋ ತಮ್ಮಾ," ಎಂದ. ದನಿ ಬೇರೆಯಾಗಿತ್ತು. ಮಡಚಲಿಲ್ಲ. ಆಯಿ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

ಕಾಕಾ ಆಗ ನಕ್ಕ. ನಿಜವಾಗಿಯೂ ನಕ್ಕ. "ಬಿಡು ಯಪ್ಪಾ. ನಿನಗ ಹೇಳಿರಲಿಲ್ಲ. ಈ ಕಾಲಲೆ ಇನ್ನ ಆಟ ಇಲ್ಲ ಅಂತ ಡಾಕ್ಟರ ಮೊದಲs ಹೇಳಿದ್ದ. ಕೊಯ್ಸಿದ್ರೂ ಇಲ್ಲ, ಬಿಟ್ರೂ ಇಲ್ಲ. ನೀ ಕಟ್ಟಿದ್ದಕ್ಕ ನೆಟ್ಟಗ ನಿಂದ್ರೂವಂಗರ ಆತು."

ಮುತ್ಯಾ ಅವನ ಮುಖ ನೋಡಿದ. ತನ್ನ ಕಟ್ಟಿನಿಂದ ಆಟ ಹೋದದ್ದಲ್ಲವೆಂದು ಅವನಿಗೆ ಹಗುರವಾಯಿತು. "ಮೊದಲ ಯಾಕ ಹೇಳಲಿಲ್ಲೋ ಹುಚ್ಚಾ," ಎಂದು ಮಗನ ತಲೆ ಸವರಿದ. ಎಲ್ಲರೂ ಬಂಡಿಯಲ್ಲಿ ಹೊಲಕ್ಕೆ ಹೋದೆವು. ಕಾಕಾ ನೆಟ್ಟಗಿನ ಕಾಲನ್ನು ಬಂಡಿಯ ಹೊರಗೆ ಚಾಚಿಕೊಂಡು ಕೂತ. ಹಸಿ ಜೋಳದ ನಡುವೆ ನಿಂತು ಚರಗ ಚೆಲ್ಲಿದ. ಎಲ್ಲರಿಗಿಂತ ಹೆಚ್ಚು ಹೋಳಿಗೆ ತಿಂದ.

ನನಗೊಬ್ಬಳಿಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ನಿಜ ನನಗೆ ಗೊತ್ತಿತ್ತಲ್ಲ. ಕೊಯ್ಸಿದರೆ ಮೂರು ತಿಂಗಳಿಗೆ ಓಡುತ್ತಿದ್ದ. ಹಿತ್ತಲಲ್ಲಿ ನನಗೇ ಹೇಳಿದ್ದ. ಈಗ ಅಪ್ಪನ ಮನಸ್ಸು ನೋಯಬಾರದೆಂದು ಸುಳ್ಳು ಹೇಳುತ್ತಿದ್ದಾನೆ. ಇಷ್ಟು ನನಗೆ ಒಂಬತ್ತನೆಯ ವಯಸ್ಸಿಗೇ ತಿಳಿಯಿತೆಂದು ಒಳಗೊಳಗೆ ಜಂಬವೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ.

ಸಂಕ್ರಮಣ ಕಳೆಯಿತು. ಒಂದು ದಿನ ಕಾಕಾ ಚರ್ಮದ ಚೆಂಡನ್ನು ನನ್ನ ಮಡಿಲಲ್ಲಿಟ್ಟು, "ಇನ್ನ ಇದು ನಿಂದು," ಎಂದ. ಬೇಡಿ ಅತ್ತರೂ ಆ ತನಕ ಕೊಡದಿದ್ದವನು. ನಾನು ಅದನ್ನು ತೆಗೆದುಕೊಂಡು ಹೋಗಿ ಮೇವಿನ ಬಣವೆಯಲ್ಲಿ ಹುಗಿದೆ. ನನ್ನ ಮುಂಬೈ, ಗೆರೆಯ ಪಕ್ಕದ ನನ್ನ ಜಾಗ, ಎಲ್ಲವೂ ಆ ಚೆಂಡಿನ ಜೊತೆ ಬಣವೆಯೊಳಗೆ ಹೋದವು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅದಕ್ಕೆ ಮುತ್ಯಾನ ಮೇಲೆ ಮಾಡಿದೆ. ಅವನು ಕರೆದರೆ ಓಗೊಡಲಿಲ್ಲ, ದಾರ ಹಿಡಿಯಲಿಲ್ಲ.

ಅದೇ ವಾರ ನಮ್ಮ ಹೊಲದಲ್ಲಿ ಸೀತನಿ. ನಿಮ್ಮಲ್ಲಿ ಸೀತನಿ ತಿಂದವರಿಗೆ ಗೊತ್ತು, ಅದನ್ನು ಮನೆಯಲ್ಲಿ ಕೂತು ತಿನ್ನಬಾರದು. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಉಜ್ಜಿ, ಹಸಿರು ಕಾಳನ್ನು ಬೆಲ್ಲ, ಶೇಂಗಾ ಹಿಂಡಿ, ಕೊಬ್ಬರಿಯೊಂದಿಗೆ ಬೊಗಸೆ ತುಂಬ ಬಾಯಿಗೆ ಹಾಕಿಕೊಳ್ಳಬೇಕು. ಹತ್ತು ಹದಿನೈದು ಜನ ಸೇರಿದ್ದರು. ಕಾಕಾ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದ. ಅಷ್ಟರಲ್ಲಿ ಸೊರಡಿಯಿಂದ ಗಂಡ ಹೆಂಡತಿ ಇಬ್ಬರು ಮನೆಗೆ ಹೋಗಿ, ಮನೆಯಲ್ಲಿ ಹೇಳಿದ್ದಕ್ಕೆ ಹೊಲಕ್ಕೇ ಬಂದರು. ಹೆಂಡತಿಯ ಸೆರಗಿನಲ್ಲಿ ಕಾಲು ಮುರಿದ ಒಂದು ಕುರಿಮರಿ.

"ಬರ್ರಿ, ಕುಂದ್ರಿ, ಸೀತನಿ ತಿನ್ರಿ," ಎಂದು ಮುತ್ಯಾ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡ. ಮನೆಯಿಂದ ದಬ್ಬೆ, ಉಣ್ಣೆ ತರಿಸಿದ. ಕಟ್ಟುತ್ತ ಕಟ್ಟುತ್ತ ಅವನಿಗೆ ಮಾತು ಬಂತು.

"ನಿಮ್ಮ ಮಗನ ಕಾಲಿಗೆ ಏನಾತ್ರಿ ಮುತ್ಯಾ?" ಎಂದ ಸೊರಡಿಯವನು.

"ಮುಂಬೈ ಡಾಕ್ಟರ ಕೈಬಿಟ್ಟಿದ್ದ. ಇನ್ನ ಏನೂ ಆಗೂದಿಲ್ಲ ಅಂದಿದ್ದ. ನಾ ಏಳು ದಬ್ಬಿ ಹಾಕಿ ಕಟ್ಟಿದ್ನಿ, ನೋಡ್ರಿ, ನೆಟ್ಟಗ ನಿಲ್ತಾನ," ಎಂದ ಮುತ್ಯಾ. ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾ ಹೌದೆಂಬಂತೆ ತಲೆ ಆಡಿಸಿದ.

ನನಗೆ ತಡೆಯಲಾಗಲಿಲ್ಲ. ಬಾಯಿ ತುಂಬ ಸೀತನಿ ಇತ್ತು, ಅದನ್ನು ಉಗುಳಿ ಎದ್ದು ನಿಂತೆ. "ಸುಳ್ಳ! ಕೊಯ್ಸಿದ್ರ ಮೂರು ತಿಂಗಳಿಗೆ ಓಡ್ತೀ ಅಂತ ಡಾಕ್ಟರ ಹೇಳಿದ್ದ. ಕಾಕಾನs ನನಗ ಹೇಳ್ಯಾನ. ನೀ ಕಟ್ಟಿದ್ದಕ್ಕನ ಕಾಕಾನ ಆಟ ಹೋತು. ನೀನs ಕಳದಿ!"

ಕೆಂಡದಲ್ಲಿ ತೆನೆ ಚಟಚಟ ಎನ್ನುತ್ತಿತ್ತು. ಯಾರೂ ಅದನ್ನು ತಿರುವಲಿಲ್ಲ. ಅವ್ವ ಬಂದು ನನ್ನ ಬೆನ್ನಿಗೆ ಗುದ್ದಿದಳು. ಮುತ್ಯಾನ ಕೈ ನಾಲ್ಕನೆಯ ದಬ್ಬೆಯ ಮೇಲೆ ನಿಂತಿತ್ತು. ಅವನು ಕಾಕಾನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದ. ಆಮೇಲೆ ತಲೆ ಬಗ್ಗಿಸಿ, ಸುತ್ತಿದ ದಾರವನ್ನು ನಿಧಾನಕ್ಕೆ ಬಿಚ್ಚಿದ. ನಾಲ್ಕು ದಬ್ಬೆಯನ್ನೂ ತೆಗೆದ. ಮರಿಯನ್ನು ಆ ಹೆಂಗಸಿನ ಸೆರಗಿಗೆ ಹಾಕಿ, "ಬ್ಯಾರೆ ಕಡಿ ತೋರಸ್ರಿ ಯವ್ವಾ. ನನ್ನ ಕೈ ಈಗ ಮೊದಲಿನಂಗಿಲ್ಲ," ಎಂದ. ಅವರು ಎಷ್ಟು ಕೇಳಿಕೊಂಡರೂ ಮುಟ್ಟಲಿಲ್ಲ.

ಮನೆಗೆ ಬಂದ ಮೇಲೆ ಕಾಕಾ ಟ್ರಂಕು ತೆಗೆದು ನಾಲ್ಕು ಮಡಿಕೆಯ ಒಂದು ಕಾಗದ ಹೊರತಂದ. ಇಂಗ್ಲಿಷಿನದು. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ. ಪಡಸಾಲೆಯಲ್ಲಿ ಮುತ್ಯಾನ ಮುಂದೆ ನಿಂತು, ಒಂದೊಂದೇ ಸಾಲು ಕನ್ನಡ ಮಾಡಿ ಓದಿದ. "ಕೇಳಿಲ್ಲಿ ಯಪ್ಪಾ. ಮೊಳಕಾಲಿನ ಒಳಗಿನ ಕಟ್ಟು ಹರದೈತಿ, ಎಲುವಿನ ನಡುವಿನ ಗಾದಿ ಹರದೈತಿ. ಕೊಯ್ದು ನೋಡಬಹುದು, ನಡ್ಯಾಕ ಅನುಕೂಲ ಆದೀತು. ಇವ ಮತ್ತ ಚಂಡಾಟ ಆಡೂದು ಮಾತ್ರ ಆಗೂದಿಲ್ಲ. ಹಿಂಗ ಬರದಾನ ಡಾಕ್ಟರ."

ಮುತ್ಯಾ ಪೂರ್ತಿ ಕೇಳಿದ. "ಆತು ಬಿಡು ತಮ್ಮಾ," ಎಂದ. "ನಿನ್ನ ಮನಸು ನನಗ ಗೊತ್ತೈತಿ. ಆದ್ರ ಸಣ್ಣ ಕೂಸು ಸುಳ್ಳ ಹೇಳೂದಿಲ್ಲ."

ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಕಾಕಾ ಎಷ್ಟು ಚೆಂದ ಕಟ್ಟಿ ಹೇಳುತ್ತಾನೆ, ಕಾಗದದಲ್ಲಿ ಇಲ್ಲದ್ದನ್ನು ಇದ್ದ ಹಾಗೇ ಓದುತ್ತಾನೆ ಎಂದುಕೊಂಡೆ.

ಕಾಕಾ ನನ್ನನ್ನು ಬೈಯಲಿಲ್ಲ. ಮಾತು ಬಿಡಲಿಲ್ಲ. ಹೋಳಿ ಹತ್ತಿರ ಬಂದಾಗ ಒಮ್ಮೆ, ನಾನು ತಪ್ಪಾಯಿತೆಂದು ಅವನ ಕಾಲ ಹತ್ತಿರ ಹೋಗಿ ಕೂತಾಗ, "ನಿಂದೇನೂ ತಪ್ಪಿಲ್ಲ. ಹಿತ್ತಲದಾಗ ನಾ ನಿನಗ ಹಂಗ ಹೇಳಬಾರದಿತ್ತು," ಎಂದ ಅಷ್ಟೇ. ಗುಟ್ಟು ಹೇಳಬಾರದಿತ್ತು ಎನ್ನುತ್ತಿದ್ದಾನೆಂದು ನಾನು ತಿಳಿದೆ.

ಮುತ್ಯಾ ಆಮೇಲೆ ಎರಡು ವರ್ಷ ಬದುಕಿದ್ದ. ಕಾಲು ಮುರಿದ ಒಂದು ಕುರಿಯನ್ನೂ ಮುಟ್ಟಲಿಲ್ಲ. ಬಿದಿರಿನ ದಬ್ಬೆಗಳನ್ನು ಆಯಿ ನೀರೊಲೆಗೆ ಹಾಕಿದಳು. ನಮ್ಮದೇ ಹಿಂಡಿನಲ್ಲಿ ಕಾಲು ಮುರಿದದ್ದನ್ನು ಅಪ್ಪ ಸಂತೆಗೆ ಹೊತ್ತುಕೊಂಡು ಹೋಗುವಾಗ ಮುತ್ಯಾ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಅಪ್ಪ ಆ ವಿದ್ಯೆ ಕಲಿತಿರಲಿಲ್ಲ. ದಾರ ಹಿಡಿದ ನನಗೆ ಬರುತ್ತಿದ್ದುದು ದಾರ ಎಳೆಯುವುದು ಮಾತ್ರ.

ಕಾಕಾ ಮುಂಬೈಗೆ ಹೋಗಿ ಲೆಕ್ಕ ಮುಗಿಸಿ, ಬೂಟನ್ನು ಟ್ರಂಕಿಗೆ ಹಾಕಿಕೊಂಡು ಬಂದ. ಮುಂದೆ ಹೈಸ್ಕೂಲಿನಲ್ಲಿ ಸಿಪಾಯಿಯಾದ. ಗಂಟೆ ಹೊಡೆಯುವುದರ ಜೊತೆಗೆ ಸಂಜೆ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಹುಡುಗರಿಗೆ ಆಟ ಹೇಳಿಕೊಡುತ್ತಿದ್ದ. ಅವನ ಹುಡುಗರು ಯಾರೂ ಪೇಪರಿನಲ್ಲಿ ಬರಲಿಲ್ಲ. ನಾನು ಕಲಿತು ಶಿಕ್ಷಕಿಯಾದೆ. ಬಸ್ಸಿನಿಂದ ಜಿಗಿದು ಅವನು ಮುಟ್ಟುತ್ತಿದ್ದ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಈಗ ಕುರಿಗಳೂ ಟೆಂಪೋದಲ್ಲಿ ಹೋಗುತ್ತವೆ. ಸೀತನಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರುತ್ತಾರೆಂದು ಕೇಳಿದ್ದೇನೆ. ನಾನು ಆ ದಿನದ ಮೇಲೆ ಅದನ್ನು ತಿಂದಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಹದಿಮೂರು ದಿನ ಮುಗಿದ ಮೇಲೆ ಅವನ ಟ್ರಂಕು ತೆಗೆದವಳು ನಾನೇ. ಒಣಗಿ ಸೆಟೆದ ಬೂಟು. ಬಾಗಿಲಿನಿಂದ ಹುಷಾರಾಗಿ ಕಿತ್ತಿಟ್ಟ ಆ ಪೇಪರಿನ ಕಾಲು. ಅದರ ಕೆಳಗೆ ನಾಲ್ಕು ಮಡಿಕೆಯ ಕಾಗದ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು, ಮಂಚದ ಮೇಲೆ ಜೋಡಿಸಿ, ಕನ್ನಡಕ ಹಾಕಿಕೊಂಡು ಓದಿದೆ. ಮೊಳಕಾಲಿನ ಒಳಗಿನ ಕಟ್ಟು ಹರಿದಿದೆ, ಎಲುಬಿನ ನಡುವಿನ ಗಾದಿ ಹರಿದಿದೆ. ಶಸ್ತ್ರಚಿಕಿತ್ಸೆಯಿಂದ ನಡೆಯಲು ಅನುಕೂಲವಾಗಬಹುದು. ಇವರು ಮತ್ತೆ ಆಡುವುದು ಸಾಧ್ಯವಿಲ್ಲ.

ಪಡಸಾಲೆಯಲ್ಲಿ ಅವನು ಓದಿದ್ದ ಅದೇ ಸಾಲುಗಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಕಾಲು ಮಡಚದೆ ಹೋದದ್ದು ಮುತ್ಯಾನ ಕಟ್ಟಿನಿಂದ ಇರಬಹುದು. ಆಟ ಹೋದದ್ದು ಅದರಿಂದಲ್ಲ. ಅದು ಮುಂಬೈಯ ಕೆಸರಿನಲ್ಲೇ ಹೋಗಿತ್ತು. ಡಾಕ್ಟರು ಇಲ್ಲ ಎಂದ ಮೇಲೆ ಅವನಿಗೆ ಉಳಿದಿದ್ದ ಒಂದೇ ಆಸೆ ತನ್ನ ಅಪ್ಪನ ಕೈ, ಅದಕ್ಕೇ ಅವನು ಊರಿಗೆ ಬಂದಿದ್ದ. ಮೂರು ತಿಂಗಳು, ಬರುವ ಮಳೆಗಾಲ, ಗೆರೆಯ ಪಕ್ಕದ ಜಾಗ, ಇವೆಲ್ಲ ಅಳುತ್ತಿದ್ದ ಒಬ್ಬ ಹುಡುಗಿಗೆ ಅವನು ಹೇಳಿದ ಸುಳ್ಳು. ಆ ಸುಳ್ಳನ್ನು ನಾನು ಮುತ್ಯಾನ ಮುಂದೆ ನಿಜವೆಂದು ಕೂಗಿದೆ. ಮುತ್ಯಾ ಅದನ್ನು ನಂಬಿಕೊಂಡೇ ಸತ್ತ.

ಅವತ್ತು ಅವನಿಗೆ ನಿಜ ಹೇಳಿದವನು ಕಾಕಾ ಒಬ್ಬನೇ.